ಸಿಕ್ಕಾ ಬಿದ್ದ ಕಾಗದ

ಕಲಬುರಗಿ ರಿಂಗ್ ರೋಡಿನ ಆಚೆ ಒಂದು ಓಣಿ ಇದೆ. ಹೆಸರು ಬರೆಯುವುದಿಲ್ಲ, ಅಲ್ಲಿಯವರು ಬೇಡ ಎಂದಿದ್ದಾರೆ. ಆ ಓಣಿಯಲ್ಲಿ ಬಳೆ ಮಾರುವ ಒಬ್ಬ ಅಕ್ಕನ ಮನೆಯಲ್ಲಿ, ದೇವರ ಫೋಟೊ ಕೆಳಗೆ, ತಗಡಿನ ಡಬ್ಬಿಯೊಂದಿದೆ. ಮೊದಲು ಅದರಲ್ಲಿ ಜೋಳದ ಹಿಟ್ಟು ಇರುತ್ತಿತ್ತು. ಈಗ ಅದರ ತುಂಬಾ ಕಾಗದ. ಎಲ್ಲವೂ ಓಣಿಯವರು ಕೊಟ್ಟ ಅರ್ಜಿಗಳ ಪ್ರತಿಗಳು, ಒಂದೊಂದರ ಮೇಲೂ ಸಿಕ್ಕಾ ಬಿದ್ದಿದೆ. ಸಿಕ್ಕಾ ಅಂದರೆ ಕಚೇರಿಯ ಮುದ್ರೆ, ನಮ್ಮ ಕಡೆ ಹಾಗೇ ಅನ್ನುವುದು.

ಅಕ್ಕನಿಗೆ ಓದಲು ಬರುವುದಿಲ್ಲ. ಆದರೂ ನೀರಿನ ಅರ್ಜಿ ಕೇಳಿದರೆ ನೀರಿನದ್ದನ್ನೇ ತೆಗೆದು ಕೊಡುತ್ತಾರೆ. ಗುಂಡನೆಯ ನೀಲಿ ಸಿಕ್ಕಾ ಒಂದು ಕಚೇರಿಯದ್ದು, ಉದ್ದನೆಯ ನೇರಳೆ ಬಣ್ಣದ್ದು ಇನ್ನೊಂದರದ್ದು. ಒಂದರಲ್ಲಿ ಮಸಿ ಹರಡಿ ಅಂಚು ಕಾಣುವುದಿಲ್ಲ, ಅದು ಮಳೆಗಾಲದಲ್ಲಿ ಕೊಟ್ಟಿದ್ದು. ಹೀಗೆ ಒಂದೊಂದಕ್ಕೂ ಅವರಲ್ಲಿ ಗುರುತಿದೆ. ಹದಿನೈದು ವರ್ಷದಿಂದ ನಾನು ಮಾಡಿಕೊಂಡು ಬಂದ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಡಬ್ಬಿ.

ನಾನು ಆಳಂದ ತಾಲ್ಲೂಕಿನ ಹಳ್ಳಿಯವಳು. ಅಪ್ಪ ತೊಗರಿ ಬೆಳೆಯುತ್ತಿದ್ದರು. 2010ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಪದವಿ, ಎಂ.ಎಸ್‌.ಡಬ್ಲ್ಯೂ ಮುಗಿಸಿದೆ. ಆಗ ಊರಿನ ಹೆಸರೂ ಗುಲಬರ್ಗಾ ಎಂದೇ ಇತ್ತು, ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಜೊತೆಯವರು ಬ್ಯಾಂಕ್ ಪರೀಕ್ಷೆ, ಕೆಪಿಎಸ್‌ಸಿ ಅಂತ ಓದಲು ಕೂತರು. ನಾನು ಬಡವರ ಓಣಿಗಳಲ್ಲಿ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆ ಸೇರಿದೆ. ತಿಂಗಳಿಗೆ 5,500 ರೂಪಾಯಿ. ಅವ್ವ ಕೇಳಿದ್ದು ಒಂದೇ ಮಾತು: "ಮಂದಿ ಓಣಿ ತಿರುಗಾಕ ಅಷ್ಟು ಓದಬೇಕಿತ್ತೇನವ್ವಾ?" ಆಗ ನನ್ನ ಬಳಿ ಉತ್ತರ ಇರಲಿಲ್ಲ.

ಮೊದಲು ಕೊಟ್ಟ ಕೆಲಸ ಸರ್ವೆ. ಓಣಿಯಲ್ಲಿ ಸುಮಾರು 180 ಮನೆ. ಅರ್ಧ ತಗಡಿನ ಮನೆ, ಅರ್ಧ ಇಟ್ಟಿಗೆಯವು. ಬಾಗಿಲ ಮುಂದೆ ಮಾತ್ರ ಎಲ್ಲರೂ ಶಹಾಬಾದ್ ಫರ್ಸಿ ಹಾಕಿಕೊಂಡಿದ್ದರು. ಗೌಂಡಿ ಕೆಲಸದವರು, ಮನೆಗೆಲಸದವರು, ಹಮಾಲರು, ಬೇಸಿಗೆಯಲ್ಲಿ ಮುಂಬೈ, ಪುಣೆಗೆ ದುಡಿಯಲು ಹೋಗುವವರು. ಕನ್ನಡ, ಉರ್ದು, ಲಂಬಾಣಿ ಮೂರೂ ಒಂದೇ ನಳದ ಮುಂದೆ ಕೇಳಿಸುತ್ತಿದ್ದವು. ನಾನು ಪ್ಯಾಡ್ ಹಿಡಿದು ಮನೆ ಮನೆ ಹತ್ತಿದೆ. ಎಷ್ಟು ಜನ, ಎಷ್ಟು ಆದಾಯ, ಶೌಚಾಲಯ ಉಂಟೋ ಇಲ್ಲವೋ. ಆರನೇ ದಿನ ಒಬ್ಬ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿದರು. "ನಿನಗಿಂತ ಮೊದಲು ಮೂರು ಮಂದಿ ಬರಕೊಂಡು ಹೋಗ್ಯಾರ. ನೀ ನಾಲ್ಕನೇದಾಕಿ. ಬರದಿದ್ದು ಎಲ್ಲಿ ಹೋಯ್ತು, ಅದನ್ನ ಹೇಳಿ ಮುಂದ ಬರಿ."

ಸಂಜೆ ಕಚೇರಿಗೆ ಬಂದು ನಮ್ಮ ಹಿರಿಯರಿಗೆ ಹೇಳಿದೆ. ಅವರು ಪ್ಯಾಡ್ ಇಸ್ಕೊಂಡು ಬೀರುವಿನಲ್ಲಿ ಇಟ್ಟರು. ಒಂದು ತಿಂಗಳು ಸುಮ್ನೆ ಹೋಗಿ ಕೂತು ಬಾ, ಏನನ್ನೂ ಬರೆಯಬೇಡ ಅಂದರು. ಆಗ ಅದು ಶಿಕ್ಷೆ ಅನಿಸಿತ್ತು. ಈಗ ಹೊಸಬರು ಯಾರೇ ಬಂದರೂ ಮೊದಲ ತಿಂಗಳು ನಾನೂ ಅದನ್ನೇ ಹೇಳುತ್ತೇನೆ.

ಕೂತಿದ್ದಕ್ಕೆ ನಳ ಕಾಣಿಸಿತು. ಓಣಿಗೆಲ್ಲ ಎರಡೇ ನಳ. ನೀರು ಆರೇಳು ದಿನಕ್ಕೊಮ್ಮೆ. ಬರುವ ಹೊತ್ತು ಗೊತ್ತಿಲ್ಲ. ಒಮ್ಮೆ ರಾತ್ರಿ ಬರುತ್ತದೆ ಎಂದು ಸುದ್ದಿಯಾಯಿತು, ನಾನೂ ಬಳೆ ಅಕ್ಕನ ಮನೆಯಲ್ಲೇ ಉಳಿದೆ. ಸಂಜೆ ಆರಕ್ಕೇ ಕೊಡಗಳ ಸಾಲು ನಿಂತಿತ್ತು. ಕೊಡ ಸಾಲದವರು ಕಲ್ಲು ಇಟ್ಟಿದ್ದರು. ಯಾರ ಕಲ್ಲು ಯಾರದ್ದು ಎಂದು ಎಲ್ಲರಿಗೂ ಗೊತ್ತು: ಒಂದಕ್ಕೆ ಸುಣ್ಣದ ಗೀಟು, ಒಂದಕ್ಕೆ ಕೆಂಪು ಬಟ್ಟೆಯ ಚೂರು, ಒಂದು ಬರೀ ಹರಿದ ಚಪ್ಪಲಿ. ರಾತ್ರಿ ಎರಡೂಕಾಲಿಗೆ ನಳ ಸುಂಯ್ ಅಂತ ಗಾಳಿ ಬಿಟ್ಟಿತು. ಒಬ್ಬಳು ಹುಡುಗಿ ಓಡಿ ಹೋಗಿ ಬಾಗಿಲು ಬಾಗಿಲು ಬಡಿದಳು. ಮೊದಲ ಎರಡು ಕೊಡ ಕೆಂಪು ನೀರು, ಅದನ್ನೂ ಚೆಲ್ಲಲಿಲ್ಲ, ಪಾತ್ರೆ ತೊಳೆಯಲು ಎತ್ತಿಟ್ಟರು. ನಾಲ್ಕು ಗಂಟೆಗೆ ನೀರು ನಿಂತಾಗ ಇನ್ನೂ ಹನ್ನೊಂದು ಕೊಡ ಉಳಿದಿದ್ದವು. ಬಾಗಿಲು ಬಡಿದ ಆ ಹುಡುಗಿ ಏಳನೇ ತರಗತಿ. ಮರುದಿನ ಸಾಲಿಗೆ, ಅಂದರೆ ಶಾಲೆಗೆ, ಹೋಗಲಿಲ್ಲ. ನೀರು ಬಂದ ಮರುದಿನ ಓಣಿಯ ಯಾವ ಹುಡುಗಿಯೂ ಸಾಲಿಗೆ ಹೋಗುವುದಿಲ್ಲ ಎಂದು ಆಮೇಲೆ ತಿಳಿಯಿತು. ನನ್ನ ಸರ್ವೆ ಫಾರಂನಲ್ಲಿ ಈ ಪ್ರಶ್ನೆಯೇ ಇರಲಿಲ್ಲ.

ಇದೇ ಊರಿನಲ್ಲಿ ಕೆಲವು ವಾರ್ಡ್‌ಗಳಿಗೆ ಆಗಲೇ ದಿನದ 24 ಗಂಟೆ ನೀರು ಬರುತ್ತಿತ್ತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಜೊತೆ ಕಲಬುರಗಿಯಲ್ಲೂ ಪ್ರಯೋಗಕ್ಕೆಂದು ಆ ಯೋಜನೆ ತಂದಿದ್ದರು. ಓಣಿಯ ಎಷ್ಟೋ ಹೆಂಗಸರು ಅಂಥ ಬಡಾವಣೆಗಳಲ್ಲೇ ಪಾತ್ರೆ ತೊಳೆಯಲು ಹೋಗುತ್ತಿದ್ದರು. ಹಗಲೆಲ್ಲ ಹರಿಯುವ ನಳದ ಕೆಳಗೆ ಕೈ ಇಟ್ಟು, ರಾತ್ರಿ ಬಂದು ಕಲ್ಲಿಟ್ಟು ಕಾಯುವುದು ಅವರಿಗೆ ಹೇಗೆ ಅನಿಸುತ್ತಿತ್ತೋ. ಅವರು ಯಾವತ್ತೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ಸಭೆ ಕರೆದಾಗ ಗಂಡಸರು ಹೇಳಿದ್ದು ರಸ್ತೆ, ಓಣಿ ಬಾಯಿಗೆ ಕಮಾನು, ಸಮುದಾಯ ಭವನ. ಹೆಂಗಸರು ಸಭೆಗೆ ಬಂದಿರಲೇ ಇಲ್ಲ. ರಾತ್ರಿ ಎಂಟಕ್ಕೆ ಸಭೆ ಇಟ್ಟರೆ ಅವರು ಬರುವುದಾದರೂ ಹೇಗೆ, ಒಲೆ ಮುಂದೆ ಇರುತ್ತಾರೆ ಅಲ್ವಾ? ಮನೆಗೆಲಸ ಮುಗಿಸಿ ಎರಡಕ್ಕೆ ಬರುತ್ತಾರೆ, ನಾಲ್ಕೂವರೆಗೆ ಮಕ್ಕಳು ಸಾಲಿಯಿಂದ ಬರುತ್ತಾರೆ. ನಡುವೆ ಮೂರು ಗಂಟೆಗೆ ಇಟ್ಟೆವು. ಶುಕ್ರವಾರ, ಅಮಾವಾಸ್ಯೆ ಬಿಟ್ಟು. ಆ ಸಭೆಗೆ ನಲವತ್ತು ಮಂದಿ ಬಂದರು. ಎಲ್ಲರ ಬಾಯಲ್ಲೂ ನೀರೇ.

ಅರ್ಜಿ ನಾನೇ ಬರೆದೆ. ಚೆಂದದ ಕನ್ನಡ, ಒಂದೂ ತಪ್ಪಿಲ್ಲ. ಆರು ಜನರನ್ನು ಕರೆದುಕೊಂಡು ಸಂಬಂಧಪಟ್ಟ ಕಚೇರಿಗೆ ಹೋದೆ. ಅಧಿಕಾರಿ ನನಗೆ ಕುರ್ಚಿ ತೋರಿಸಿದರು, ನಾನು ಕೂತೆ. ಆರು ಜನ ಗೋಡೆಗೆ ನಿಂತರು. ಮಾತೆಲ್ಲ ನಾನೇ ಆಡಿದೆ. ಹದಿನೈದು ದಿನದಲ್ಲಿ ನೋಡುತ್ತೇವೆ ಅಂದರು. ಆ ವಾರವೇ ಟ್ಯಾಂಕರ್ ಬಂತು! "ನಿಮ್ಮಿಂದ ಆಯ್ತು ನೋಡ್ರಿ ಅಕ್ಕಾರ" ಎಂದು ಓಣಿಯವರು ಹೇಳಿದರು. ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಎರಡು ವಾರ ಬಂದು ಟ್ಯಾಂಕರ್ ನಿಂತಿತು. ತಂಗಿಯ ಮದುವೆಗೆಂದು ನಾನು ಊರಿಗೆ ಹೋಗಿದ್ದೆ. ಹನ್ನೊಂದು ದಿನ ಬಿಟ್ಟು ಬಂದರೆ, ಯಾಕೆ ನಿಂತಿತು ಎಂದು ಯಾರೂ ಹೋಗಿ ಕೇಳಿರಲಿಲ್ಲ. "ನೀವು ಇರ್ಲಿಲ್ಲಲ್ರಿ" ಅಂದರು ಬಳೆ ಅಕ್ಕ. ಬೈಯ್ದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಅದೇ ದಿನ ಕಚೇರಿಗೆ ಓಡಿದೆ. ಅರ್ಜಿ ಯಾವುದು, ಪ್ರತಿ ತೋರಿಸಿ ಅಂದರು. ನನ್ನ ಹತ್ತಿರ ಪ್ರತಿ ಇರಲಿಲ್ಲ. ಕೊಟ್ಟಿದ್ದು ಒಂದೇ ಕಾಗದ, ಅದೂ ಅವರ ಮೇಜಿನ ಮೇಲೆ. ಎಂ.ಎಸ್‌.ಡಬ್ಲ್ಯೂ ಓದಿದವಳಿಗೆ ಅರ್ಜಿಯ ಎರಡನೇ ಪ್ರತಿ ಇಟ್ಟುಕೊಳ್ಳಬೇಕು ಎಂದು ಗೊತ್ತಿರಲಿಲ್ಲ.

ನನ್ನ ಕೆಲಸ ನಿಜವಾಗಿ ಶುರುವಾಗಿದ್ದು ಅಲ್ಲಿಂದ ಎಂದು ಹೇಳುತ್ತೇನೆ. ಅವತ್ತಿನಿಂದ ಯಾವ ಅರ್ಜಿಯ ಕೆಳಗೂ ನನ್ನ ಹೆಸರಿಲ್ಲ. ಎರಡು ಪ್ರತಿ. ಸಾಹೇಬರ ಚೇಂಬರ್‌ಗೆ ಹೋಗುವ ಮುಂಚೆ ಟಪಾಲು ವಿಭಾಗ. ಅಲ್ಲಿ ನಮ್ಮ ಪ್ರತಿಯ ಮೇಲೆ ಸಿಕ್ಕಾ, ತಾರೀಖು, ಇನ್‌ವರ್ಡ್ ನಂಬರ್ ಬೀಳಬೇಕು. ಕುರ್ಚಿ ಕೊಟ್ಟರೆ ಎಲ್ಲರಿಗೂ, ಇಲ್ಲಾಂದ್ರೆ ಯಾರೂ ಕೂರುವುದಿಲ್ಲ. ಮಾತು ಓಣಿಯವರದ್ದು, ನಾನು ಹೊರಗೆ ಬೇವಿನ ಮರದ ಕೆಳಗೆ.

ಅದಕ್ಕೆ ತಯಾರಿ ಬೇಕಾಯಿತು. ಬಳೆ ಅಕ್ಕನ ಅಂಗಳದಲ್ಲಿ ಒಬ್ಬರು ಸಾಹೇಬರಾಗಿ ಕೂರುವುದು, ಉಳಿದವರು ಅರ್ಜಿ ಕೊಡುವುದು. ಸಾಹೇಬರ ಪಾತ್ರಕ್ಕೆ ಹಮಾಲಿ ಮಾಡುವ ಕಾಕಾ ಒಬ್ಬರು ಕೂತರು. ನಲವತ್ತು ವರ್ಷ ಕಚೇರಿ ಬಾಗಿಲಲ್ಲಿ ನಿಂತವರು, ಸಾಹೇಬರು ಹೇಗೆ ಮಾತಾಡುತ್ತಾರೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಲೆ ಎತ್ತದೆ, ಕಾಗದ ನೋಡುತ್ತಾ, "ಈ ಜಾಗ ಯಾರದು?" ಎಂದು ಕೇಳಿದರು. ಅಂಗಳ ತಣ್ಣಗಾಯಿತು. ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದವರಿಗೂ ಆ ಜಾಗ ಯಾರದ್ದು ಎಂದು ಗೊತ್ತಿರಲಿಲ್ಲ. ಕಾಕಾ ಆ ಪ್ರಶ್ನೆ ಕೇಳದಿದ್ದರೆ ನಾವು ಇನ್ನೂ ಟ್ಯಾಂಕರ್ ಬೆನ್ನತ್ತಿಯೇ ಇರುತ್ತಿದ್ದೆವು.

ಪಹಣಿ ತೆಗೆಸಿದೆವು. ಸರ್ಕಾರಿ ಗಾಯರಾಣ, ಅಂದರೆ ದನ ಮೇಯಲು ಬಿಟ್ಟ ಜಾಗ. ಅಲ್ಲಿಂದ ದಾರಿ ಬೇರೆಯಾಯಿತು. ಕರ್ನಾಟಕದಲ್ಲಿ ಕೊಳಗೇರಿ ಕಾಯ್ದೆ ಎಂದು ಒಂದಿದೆ, 1973ರದ್ದು. ಅದರ ಸೆಕ್ಷನ್ 3ರಲ್ಲಿ ಒಂದು ಓಣಿಯನ್ನು ಕೊಳಗೇರಿ ಎಂದು ಘೋಷಿಸಬಹುದು. ಘೋಷಣೆಯಾದರೆ ನಳ, ಚರಂಡಿ, ದೀಪಕ್ಕೆ ದುಡ್ಡು ಹಾಕಲು ಇಲಾಖೆಗೆ ಆಧಾರ ಸಿಗುತ್ತದೆ. ಸುಮ್ನೆ ಬಂದು ಮನೆಗಳನ್ನು ಎತ್ತಿಸುವುದೂ ಕಷ್ಟವಾಗುತ್ತದೆ. ಯಾವ ಜಾಗ ಘೋಷಿಸಬಹುದು ಎನ್ನುವುದಕ್ಕೆ ಕಾಯ್ದೆಯಲ್ಲಿ ಇರುವ ಮಾತುಗಳು: ತಗ್ಗಿನ ಜಾಗ, ಹೊಲಸು, ಕಿಕ್ಕಿರಿದ ಮನೆ, ಅದರಿಂದ ಜನರ ಆರೋಗ್ಯಕ್ಕೆ ಅಪಾಯ. ನಮ್ಮ ಮೊದಲ ಅರ್ಜಿಯಲ್ಲಿ "ದಯವಿಟ್ಟು ನೀರು ಕೊಡಿ" ಎಂದಿತ್ತು. ಈ ಒಂದು ಮಾತೂ ಇರಲಿಲ್ಲ.

ಆದರೆ ಸಭೆಯಲ್ಲಿ ಒಬ್ಬ ಹುಡುಗ ಎದ್ದು ನಿಂತ. ಆಟೊ ಓಡಿಸುತ್ತಿದ್ದ. "ಕೊಳಗೇರಿ ಅಂತ ನಾವೇ ಬರಕೊಟ್ರ ನಾಳಿ ನಮಗ ಹೆಣ್ಣು ಯಾರು ಕೊಡ್ತಾರ್ರಿ? ಆಧಾರ್ ಕಾರ್ಡಿನಾಗ ಅದೇ ಬರ್ತದ." ಸುಮಾರು ಜನ ತಲೆ ಆಡಿಸಿದರು. ಮೂರು ಸಭೆ ಇದೇ ಚರ್ಚೆ. ಅವನ ಮಾತು ಸರಿ ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಇರುವ ಜಾಗದ ಹೆಸರು ಮನುಷ್ಯನಿಗೆ ಅಂಟಿಕೊಳ್ಳುತ್ತದೆ. ಕಾಯ್ದೆ ಬರೆದವರಿಗೆ ಬೇರೆ ಪದ ಸಿಗಬೇಕಿತ್ತು. ಕೊನೆಗೆ ಅಜ್ಜಿ, ಅದೇ ನಾಲ್ಕನೇದಾಕಿ ಎಂದ ಅಜ್ಜಿ, ಕೇಳಿದರು: "ಈಗ ಏನಂತ ಕರೀತಾರ ನಮಗ?" ಯಾರೂ ಮಾತಾಡಲಿಲ್ಲ. ಕೈ ಎತ್ತಿಸಿದೆವು. ಘೋಷಣೆ ಬೇಕು ಎಂದವರು ಜಾಸ್ತಿ. ಬೇಡ ಎಂದವರ ಹೆಸರೂ ನಡಾವಳಿಯಲ್ಲಿ ಬರೆದೆವು. ಅರ್ಜಿಯ ಮೊದಲ ಸಾಲಿನಲ್ಲಿ ಓಣಿಯ ಹೆಸರು, ಕಾಯ್ದೆಯ ಪದ ಕೆಳಗೆ ಎಂದು ಆ ಹುಡುಗನೇ ಸೂಚಿಸಿದ. ಹಾಗೇ ಮಾಡಿದೆವು.

ಆ ವರ್ಷ ಸೆಪ್ಟೆಂಬರ್ ಮಳೆಗೆ ಮನೆಯೊಳಗೆ ಮೊಳಕಾಲು ನೀರು. ಹುಡುಗರು ಮೊಬೈಲ್‌ನಲ್ಲಿ ಫೋಟೊ ತೆಗೆದರು, ಒಂದೊಂದರ ಹಿಂದೆ ಮನೆ ನಂಬರ್, ತಾರೀಖು ಬರೆದು ಅರ್ಜಿಗೆ ಹಚ್ಚಿದರು. 2012ರಲ್ಲಿ ಕೊಟ್ಟ ಅರ್ಜಿ ಅದು. ಆಮೇಲೆ ಕಾಯುವುದು. ಜಾಗದ ವರದಿ ಒಂದು ಕಚೇರಿಯಿಂದ, ಮನೆ ಸರ್ವೆ ಇನ್ನೊಂದರಿಂದ, ನಕ್ಷೆ ಮತ್ತೊಂದರಿಂದ. ಕಡತ ಎಲ್ಲಿದೆ ಎಂದು ಕೇಳಿದರೆ ಎಲ್ಲರೂ ಪಕ್ಕದ ಕಚೇರಿಯ ಕಡೆ ಕೈ ತೋರಿಸುತ್ತಿದ್ದರು. ಬಳೆ ಅಕ್ಕ ಮಾಹಿತಿ ಹಕ್ಕಿನ ಅರ್ಜಿ ಹಾಕಿದರು. ಶುಲ್ಕ ಹತ್ತು ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ, ಕಾರ್ಡಿನ ಜೆರಾಕ್ಸ್ ಹಚ್ಚಿದರೆ ಸಾಕು. ಉತ್ತರಕ್ಕೆ 30 ದಿನ. ಬರಲಿಲ್ಲ. ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೇಲ್ಮನವಿ. ಆಗ ಉತ್ತರ ಬಂತು, ಕಡತ ಇಂಥವರ ಮೇಜಿನಲ್ಲಿ ಇಂಥ ತಾರೀಖಿನಿಂದ ಇದೆ ಎಂದು. ಆ ತಾರೀಖು ಹಿಡಿದು ಇಪ್ಪತ್ತು ಜನ ಹೋದರು. ಎರಡು ವಾರಕ್ಕೆ ಕಡತ ಮುಂದೆ ಹೋಯಿತು. ಕೂಗಾಡಿ ಮೋರ್ಚಾ ಮಾಡಿದ್ದರೂ ಇಷ್ಟು ಆಗುತ್ತಿರಲಿಲ್ಲ. ನಾವು ಮೋರ್ಚಾನೂ ಮಾಡಿದ್ದೇವೆ, ಅದಕ್ಕೂ ಅದರ ಹೊತ್ತು ಇರುತ್ತದೆ. ಆದರೆ ಕಾಗದದ ತಾರೀಖು ಹಿಡಿದು ಕೇಳುವವರಿಗೆ ಕಚೇರಿ ಉತ್ತರ ಕೊಡಲೇಬೇಕಾಗುತ್ತದೆ.

ಘೋಷಣೆ ಬಂದಿದ್ದು 2016ರಲ್ಲಿ. ಮನೆ ಮನೆಗೆ ನಳ ಬರಲು ಇನ್ನೂ ಎರಡು ವರ್ಷ. ಅಜ್ಜಿ ಅಷ್ಟರಲ್ಲಿ ತೀರಿಹೋಗಿದ್ದರು.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ಕಲಬುರಗಿಯಲ್ಲಿ ಆಯಿತು. ಇಡೀ ದೇಶಕ್ಕೆ ಲಾಕ್‌ಡೌನ್ ಬರುವ ಮುಂಚೆಯೇ ನಮ್ಮ ಊರಲ್ಲಿ ಬಾಗಿಲು ಹಾಕಿದ್ದವು. ನಾನು ಅವ್ವನನ್ನು ನೋಡಲು ಹಳ್ಳಿಗೆ ಹೋಗಿದ್ದವಳು ಅಲ್ಲೇ ಸಿಕ್ಕಿಬಿದ್ದೆ. ಓಣಿಯಲ್ಲಿ ಹನ್ನೆರಡು ಸಾಲು, ಸಾಲಿಗೊಬ್ಬ ಹೆಂಗಸು ಎಂದು ನೀರಿನ ಕಾಲದಲ್ಲೇ ಮಾಡಿಕೊಂಡಿದ್ದರು. ಆ ಹನ್ನೆರಡು ಜನ ಯಾರ ಮನೆಯಲ್ಲಿ ಅಕ್ಕಿ ಇಲ್ಲ, ಯಾರು ಬಸುರಿ, ಯಾರಿಗೆ ಶುಗರ್ ಗುಳಿಗೆ ಬೇಕು ಎಂದು ಪಟ್ಟಿ ಮಾಡಿದರು. ಮೇ ತಿಂಗಳಲ್ಲಿ ಮುಂಬೈ, ಪುಣೆಯಿಂದ ಓಣಿಯವರು ವಾಪಸ್ ಬಂದರು, ಅವರನ್ನು ಸಾಲಿಗಳಲ್ಲಿ ಕ್ವಾರಂಟೈನ್ ಇಟ್ಟರು. ಬಂದವರಲ್ಲಿ ಎಷ್ಟೋ ಜನರಿಗೆ ಇಲ್ಲಿಯ ರೇಷನ್ ಕಾರ್ಡ್ ಇರಲಿಲ್ಲ. ನಾನು ಫೋನ್‌ನಲ್ಲಿ ಏನು ಮಾಡುವುದು ಎಂದು ಒದ್ದಾಡುತ್ತಿದ್ದೆ.

ಜೂನ್‌ನಲ್ಲಿ ಒಂದು ಮಧ್ಯಾಹ್ನ ವಾಟ್ಸಾಪ್‌ಗೆ ಫೋಟೊ ಬಂತು. ಕೈಬರಹದ ಅರ್ಜಿ. ಅಕ್ಷರ ಸೊಟ್ಟ, ಅಲ್ಲಲ್ಲಿ ಕಾಟು. 43 ಮನೆಯ ಪಟ್ಟಿ, ಕೆಳಗೆ ಸಹಿ ಮತ್ತು ಹೆಬ್ಬೆಟ್ಟು. ಬರೆದವಳು ಆ ರಾತ್ರಿ ಬಾಗಿಲು ಬಡಿದಿದ್ದ ಹುಡುಗಿ. ಆಗ ಏಳನೇ ತರಗತಿ, ಈಗ ಬಿ.ಎ. ಓದುತ್ತಿದ್ದಳು. ಬಲಗಡೆ ಮೂಲೆಯಲ್ಲಿ ಸಿಕ್ಕಾ, ತಾರೀಖು, ಇನ್‌ವರ್ಡ್ ನಂಬರ್. ನಾನಿಲ್ಲದೆ ಹೋದ ಮೊದಲ ಅರ್ಜಿ. ಅವ್ವನಿಗೆ ತೋರಿಸಿದೆ. ಅವ್ವ ಫೋಟೊವನ್ನು ಹಿಗ್ಗಿಸಿ ನೋಡಿ, "ಇದರಾಗ ನಿನ್ನ ಹೆಸರು ಎಲ್ಲಿ ಅದ?" ಎಂದು ಕೇಳಿದರು. ಇಲ್ಲ ಅಂದೆ. ಆಕೆ ಏನೂ ಅನ್ನಲಿಲ್ಲ, ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆಯ ಕಾಯ್ದೆಗೆ ತಿದ್ದುಪಡಿ ಬಂತು. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ಕೊಡುವಂತಿಲ್ಲ. ಆಡಳಿತ ಖರ್ಚು 50 ಪರ್ಸೆಂಟ್ ಇದ್ದಿದ್ದು 20ಕ್ಕೆ ಇಳಿಯಿತು. ನಮ್ಮಂಥ ಸಣ್ಣ ಸಂಸ್ಥೆಗೆ ದುಡ್ಡು ಬರುತ್ತಿದ್ದುದೇ ಬೆಂಗಳೂರಿನ ದೊಡ್ಡ ಸಂಸ್ಥೆಯ ಮೂಲಕ. ಅದು ನಿಂತಿತು. ಏಳು ತಿಂಗಳು ಸಂಬಳ ಇಲ್ಲ. ಮಕ್ಕಳಿಗೆ ಟ್ಯೂಷನ್ ಹೇಳಿದೆ, ಬಿಟ್ಟುಬಿಡೋಣ ಎಂದು ಎರಡು ಸಲ ರಾಜೀನಾಮೆ ಬರೆದೆ. ನಮ್ಮಲ್ಲಿದ್ದ ಐವರಲ್ಲಿ ಮೂವರು ಬಿಟ್ಟು ಹೋದರು. ಅವರನ್ನು ತಪ್ಪು ಎನ್ನಲಾರೆ, ಮನೆ ನಡೆಯಬೇಕಲ್ಲ.

ಆಮೇಲೆ ಕಂಪನಿಗಳ ಸಿಎಸ್‌ಆರ್ ಹಣಕ್ಕೆ ಬಾಗಿಲು ತಟ್ಟಿದೆವು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಎರಡು ಪರ್ಸೆಂಟ್ ಇಂಥ ಕೆಲಸಕ್ಕೆ ಇಡಬೇಕು. ನಾವು ಕಂಡಂತೆ ಶೌಚಾಲಯಕ್ಕೆ ಕೊಡುತ್ತಾರೆ, ಬೆಂಚಿಗೆ ಕೊಡುತ್ತಾರೆ, ಅದರ ಮೇಲೆ ಬೋರ್ಡ್ ಬರೆಯಬಹುದು. ಹತ್ತು ಹೆಂಗಸರು ಆಟೊ ಹಿಡಿದು ಕಚೇರಿಗೆ ಹೋಗಿ ಬರುವ ಖರ್ಚು ಯಾರ ಬಜೆಟ್‌ನಲ್ಲೂ ಇರುವುದಿಲ್ಲ. ಜೆರಾಕ್ಸ್, ಆಟೊ, ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಚಹಾ, ಸೂಸಲಾ, ಭಜಿ. ನನ್ನ ಲೆಕ್ಕದಲ್ಲಿ ಈ ಕೆಲಸದ ಜೀವ ಇರುವುದು ಅಷ್ಟರಲ್ಲೇ. ಈಗ ಆ ಖರ್ಚನ್ನು ಓಣಿಯವರೇ ಹಾಕುತ್ತಾರೆ, ಮನೆಗೆ ತಿಂಗಳಿಗೆ ಹತ್ತು ರೂಪಾಯಿ. ಲೆಕ್ಕದ ಪುಸ್ತಕ ಕಾಕಾ ಹತ್ತಿರ.

ಈ ಕೆಲಸಕ್ಕೆ ಬರುತ್ತೇನೆ ಎನ್ನುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಸಂಬಳದ ವಿಷಯ ಮೊದಲೇ ನೇರವಾಗಿ ಹೇಳುತ್ತೇನೆ: ಹದಿನೈದು ವರ್ಷಕ್ಕೆ ನನಗೆ ಬರುತ್ತಿರುವುದು 24,000, ಅದೂ ತಡವಾಗಿ. ಸ್ಕೂಟಿ ಓಡಿಸಲು ಬರಬೇಕು. ಕಲಬುರಗಿಯಲ್ಲಾದರೆ ಮಾತಾಡುವಷ್ಟು ಉರ್ದು ಬೇಕೇ ಬೇಕು, ನಾನು ನಳದ ಹತ್ತಿರ ಕಲಿತೆ. ಟಪಾಲು ವಿಭಾಗದ ಗುಮಾಸ್ತರ ಜೊತೆ ಜಗಳ ಬೇಡ, ದಿನಕ್ಕೆ ನೂರು ಕಾಗದ ನೋಡುವವರು ಅವರು, ನಮ್ಮ ಕಡತ ಎಲ್ಲಿ ಸಿಕ್ಕಿಕೊಂಡಿದೆ ಎಂದು ಸಾಹೇಬರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಉಳಿದದ್ದನ್ನು ಓಣಿಯವರೇ ಕಲಿಸುತ್ತಾರೆ.

ನೀರು ಈಗಲೂ ದಿನಾ ಬರುವುದಿಲ್ಲ, ನಾಲ್ಕೈದು ದಿನಕ್ಕೊಮ್ಮೆ. ಆದರೆ ಮನೆಯೊಳಗೆ ಬರುತ್ತದೆ, ಬೆಳಗ್ಗೆ ಬರುತ್ತದೆ. ಕಲ್ಲು ಇಡುವುದು ನಿಂತಿದೆ. ಹಕ್ಕುಪತ್ರ ಇನ್ನೂ ಬಂದಿಲ್ಲ. ಅದರ ಅರ್ಜಿ ಡಬ್ಬಿಯಲ್ಲಿ ಎಲ್ಲಕ್ಕಿಂತ ಮೇಲಿದೆ. ತಿಂಗಳಿಗೊಮ್ಮೆ ಇಬ್ಬರು ಆ ಪ್ರತಿ ಹಿಡಿದು ಹೋಗಿ, ಕೇಳಿ, ಬಂದು ಸಭೆಯಲ್ಲಿ ಹೇಳುತ್ತಾರೆ. ಬಳೆ ಅಕ್ಕ ಕಾಗದ ಕೊಡುವಾಗ ಒಮ್ಮೆ ಸಿಕ್ಕಾ ಮೇಲೆ ಬೆರಳಾಡಿಸಿ ಕೊಡುತ್ತಾರೆ, ವಾಪಸ್ ಬಂದಾಗ ಮತ್ತೊಮ್ಮೆ ನೋಡಿ ಇಡುತ್ತಾರೆ. ಈ ತಿಂಗಳ ಸರದಿ ಐದನೇ ಸಾಲಿನವರದ್ದು.